ಸೊಸೆಯ ಬೇಟೆ

"ನೀ ಹಿಂದ ಸರಿ ವೇದಾ, ನಾ ಮುಂದ ಹೋಗ್ತೀನಿ" ಎಂದು ಮಗ ವಿಶ್ವೇಶ ಹೆಂಡತಿಗೆ ಹೇಳಿದ್ದು ಅಹಲ್ಯಾಬಾಯಿಯವರ ಎದೆಗೆ ಚುಚ್ಚಿತು. ಟಿವಿಯಲ್ಲಿ ಗುಡ್ಡದಂಥ ಮೃಗವೊಂದು ಬೆಂಕಿ ಉಗುಳುತ್ತಿತ್ತು. ಗಂಡಹೆಂಡತಿ ಹೆಗಲಿಗೆ ಹೆಗಲು ತಾಗಿಸಿ ಕೂತು ವಿಡಿಯೊ ಗೇಮಿನಲ್ಲಿ ಅದನ್ನು ಬೇಟೆಯಾಡುತ್ತಿದ್ದರು.

ಮೊದಲೆಲ್ಲ ಮಗ ಸಂಜೆ ಅಡುಗೆಮನೆಯಲ್ಲಿ ಕೂತು ತಾಯಿಯೊಡನೆ ಹರಟುತ್ತಿದ್ದ. ಈಗ ಸಂಜೆಯೆಲ್ಲ ಮಾನ್ವಿಯಿಂದ ಬಂದ ಈ ಸೊಸೆಯ ಪಾಲು. ಆ ಮೃಗ ಇವಳನ್ನು ಒಮ್ಮೆ ನುಂಗಬಾರದೇ ಎಂದುಕೊಂಡರು, ಚಹಾ ಹಿಡಿದು ಬಾಗಿಲಲ್ಲೇ ನಿಂತ ಅಹಲ್ಯಾಬಾಯಿ.

ಅಷ್ಟರಲ್ಲಿ ವಿಶ್ವೇಶನ ಬೇಟೆಗಾರ ನೆಲಕ್ಕುರುಳಿದ. ವೇದಶ್ರೀಯ ಬೇಟೆಗಾರ್ತಿ ಕತ್ತಿಯೆತ್ತಿ ಅವನನ್ನು ಕಾಯಲು ಅಡ್ಡ ನಿಂತಳು. ಅವಳ ಬೆನ್ನ ಹಿಂದೆ ಮೃಗದ ಬಾಲ ಮೇಲೆದ್ದಿತು.

"ಬಾಲ ಬಂತು ನೋಡವ್ವಾ, ಬಗ್ಗು" ಎಂದು ಅಹಲ್ಯಾಬಾಯಿ ಕೂಗಿಯೇಬಿಟ್ಟರು. ಅವಳು ಬಗ್ಗಿದಳು.

"ಬಲಗಡಿ ನೀವು ನೋಡ್ಕೋತ ಇರ್ರಿ ಅತ್ತಿ" ಎಂದಳು ವೇದಶ್ರೀ, ತೆರೆಯಿಂದ ಕಣ್ಣು ಕೀಳದೆ. ಅಹಲ್ಯಾಬಾಯಿ ಚಹಾ ಕೆಳಗಿಟ್ಟು, ಇಬ್ಬರ ನಡುವೆಯೇ ಜಾಗ ಮಾಡಿಕೊಂಡು ಕೂತರು.