ನರಗುಂದದಿಂದ ಒಂದು ಟಿಕೆಟ್

ಅವಳು ಹಾಡಿದ ಹೊಸ ಹಾಡು ಬಿಡುಗಡೆಯಾಗಿ ವಾರ ಕಳೆಯುವಷ್ಟರಲ್ಲಿ, ಅದನ್ನು ಎಲ್ಲೆಲ್ಲಿ ಕೇಳುತ್ತಿದ್ದಾರೆಂದು ಆ್ಯಪ್ ತೋರಿಸಿತು. ನರಗುಂದದಲ್ಲಿ ಒಬ್ಬರೇ ಒಬ್ಬರು, ಇನ್ನೂರು ಸಲ.

"ಅಭಿಮಾನಿ ಅಂದ್ರ ಹಿಂಗಿರಬೇಕು!" ಎಂದ ಗಿಟಾರ್ ನುಡಿಸುವ ಗೆಳೆಯ.

ಅವಳು ನಗಲಿಲ್ಲ. ಎರಡು ವರ್ಷದ ಹಿಂದೆ, ಬೆನ್ನ ಮೇಲಿನ ಬಾಸುಂಡೆ ಆರುವ ಮೊದಲೇ ಗಂಡನನ್ನು ಬಿಟ್ಟು ಓಡಿಬಂದ ಊರು ಅದು. ಹಾಡಿಗೆಂದು ಬೇರೆ ಹೆಸರು ಇಟ್ಟುಕೊಂಡಿದ್ದಳು, ಮುಖದ ಫೋಟೋ ಎಲ್ಲೂ ಹಾಕಿರಲಿಲ್ಲ. ಆದರೆ ದನಿಯನ್ನು ಎಲ್ಲಿ ಬಚ್ಚಿಡುವುದು?

ಹುಬ್ಬಳ್ಳಿಯ ಶೋ ಹತ್ತಿರ ಬಂತು. ಟಿಕೆಟ್ ಪಟ್ಟಿಯ ಕೊನೆಯಲ್ಲಿ ಗಂಡನ ಮನೆಯ ಅಡ್ಡಹೆಸರು: ಬೆಳವಟಗಿ, ಒಂದು ಸೀಟು.

"ಶೋ ಕ್ಯಾನ್ಸಲ್ ಮಾಡೋಣೇನು?" ಎಂದು ಗೆಳೆಯ ಕೇಳಿದ.

"ಬ್ಯಾಡ. ಇನ್ನೊಮ್ಮೆ ಓಡಂಗಿಲ್ಲ ನಾ."

ಮೂರನೇ ಹಾಡಿಗೆ ಸಭಾಂಗಣದ ಹಿಂಬಾಗಿಲು ತೆರೆಯಿತು. ಅವಳು ಹಾಡು ನಿಲ್ಲಿಸಲಿಲ್ಲ. ಕುರ್ಚಿಗಳ ನಡುವೆ ನಡೆದು ಬಂದದ್ದು ಅವಳ ಅತ್ತೆ. ಬಗಲಲ್ಲಿ ಬಟ್ಟೆಯ ಗಂಟು, ಕೆಳತುಟಿ ಒಡೆದಿತ್ತು.

ಹಾಡು ಮುಗಿದಾಗ ಮುದುಕಿ ವೇದಿಕೆಯ ಅಂಚು ಹಿಡಿದು ಪಿಸುಗುಟ್ಟಿದಳು:

"ನೀ ಹೋದಮ್ಯಾಲೆ ನನ್ನ ಪಾಳಿ ಬಂತು. ನನ್ನೂ ಕರಕೊಂಡು ಹೋಗವ್ವಾ."