ಉಗುರಿಳಿಯುವ ಕಾಯಿ

ಭೂಮಿ ನಡುಗಿ ಗಣಿಯ ಸುರಂಗ ಕುಸಿದ ದಿನದಿಂದ ಸೊಣ್ಣಮ್ಮ ಗೇಟಿನ ಮುಂದೆಯೇ ನಿಂತಿದ್ದಳು. ಅವಳ ಗಂಡ ಮುನಿಸ್ವಾಮಪ್ಪ ಕೆಳಗೆ ಸಿಕ್ಕಿಕೊಂಡಿದ್ದ. ಮೂರನೆಯ ದಿನ, ಒಂದು ತುತ್ತು ತಿಂದು ಮತ್ತೆ ಹೋಗೋಣವೆಂದು ಹಳ್ಳಿಗೆ ಬಂದಾಗ, ಅತ್ತೆ ಅಮ್ಮಾಜಮ್ಮ ತಿಪ್ಪೆಯ ಪಕ್ಕದ ಕುಂಬಳಬಳ್ಳಿಯ ನಡುವೆ ಕೂತು ಎಳೆಗಾಯಿಗಳನ್ನು ಕೊಯ್ಯುತ್ತಿದ್ದಳು. ಮೊರದಲ್ಲಿ ಆಗಲೇ ಹದಿನಾಲ್ಕು ಇದ್ದವು. ದೊಡ್ಡದು ಚೆಂಬಿನ ಗಾತ್ರ. ಚಿಕ್ಕದು ನಿಂಬೆಹಣ್ಣಿನಷ್ಟು, ಬಾಡಿದ ಹೂವು ಇನ್ನೂ ತುದಿಗೆ ಅಂಟಿಕೊಂಡಿತ್ತು. ಒಂದೊಂದರ ಮೇಲೂ ಅರ್ಧಚಂದ್ರದಂಥ ಉಗುರಿನ ಗುರುತು. ಗುರುತಿನಲ್ಲಿ ಅಂಟು ಹನಿಗಟ್ಟಿತ್ತು.

"ಏನತ್ತಮ್ಮ ಇದು? ಇಷ್ಟನ್ನೂ ಯಾಕ್ ಕಿತ್ತೆ?" ಸೊಣ್ಣಮ್ಮ ಬಾಯಲ್ಲಿದ್ದ ಬೆರಳು ತೆಗೆದು ಕೇಳಿದಳು.

"ಸಣ್ಣವು ಎಮ್ಮೆಗೆ. ದಪ್ಪನವು ಸಿಪ್ಪೆ ಸಮೇತ ಎಚ್ಚಿ ಪಲ್ಯ. ಮಿಕ್ಕಿದ್ದು ಬಿಲ್ಲೆ ಮಾಡಿ ಉಪ್ಪಾಕಿ ಒಣಗಿಸ್ತೀನಿ, ಬ್ಯಾಸಗೆಗಾಯ್ತದೆ."

"ನಾ ಕೇಳಿದ್ದು ಅದಲ್ಲ. ಯಾಕ್ ಕಿತ್ತೆ ಅಂತ."

ಅಮ್ಮಾಜಮ್ಮ ಇನ್ನೊಂದು ಕಾಯಿಗೆ ಹೆಬ್ಬೆರಳಿನ ಉಗುರು ಒತ್ತಿದಳು. ಇಳಿಯಿತು. ತೊಟ್ಟು ಕತ್ತರಿಸಿದಳು.

ಉಗುರು ಇಳಿದರೆ ಬೀಜ ಕಟ್ಟಿಲ್ಲವೆಂದು ಅರ್ಥ. ಅಂಥದ್ದು ಬರಿಯ ತರಕಾರಿ, ಯಾರು ಬೇಕಾದರೂ ಕೊಯ್ಯಬಹುದು. ಉಗುರು ಇಳಿಯದಷ್ಟು ಬಲಿತ ಮೇಲೆ ಅದಕ್ಕೆ ಹೆಂಗಸು ಕತ್ತಿ ಇಡುವಂತಿಲ್ಲ. ಮೊದಲ ಏಟು ಗಂಡಸಿನದೇ ಆಗಬೇಕು. ಅಮ್ಮಾಜಮ್ಮನ ಗಂಡ ಸತ್ತ ವರ್ಷ ಬಳ್ಳಿಯಲ್ಲಿ ಎರಡು ಕಾಯಿ ಬಲಿತಿದ್ದವು. ಅವನ್ನು ಸೊಂಟದ ಮೇಲೆ ಹೊತ್ತು, ಒಡೆದುಕೊಡಿ ಎಂದು ಅವಳು ಒಂದೊಂದೇ ಬಾಗಿಲ ಮುಂದೆ ನಿಂತಳು. ಆಗಷ್ಟೇ ಬಳೆ ಒಡೆಸಿಕೊಂಡವಳ ಮನೆಯ ಕಾಯಿ ಮುಟ್ಟಲು ಯಾವ ಗಂಡಸೂ ಜಗಲಿಯಿಂದ ಏಳಲಿಲ್ಲ. ಎರಡೂ ತಿಪ್ಪೆಗೆ ಹೋದವು. ಆಮೇಲೆ, ಮಗ ಮುನಿಸ್ವಾಮಪ್ಪ ಮಚ್ಚು ಎತ್ತುವಷ್ಟು ಬೆಳೆಯುವವರೆಗೆ, ಒಂಬತ್ತು ವರ್ಷ ಆ ಹಿತ್ತಿಲಲ್ಲಿ ಒಂದು ಕಾಯಿಯನ್ನೂ ಅವಳು ಬಲಿಯಲು ಬಿಡಲಿಲ್ಲ.

"ನಮ್ಮವ್ವ ಎಳೇಕಾಯಿ ತಿನ್ಸಿ ತಿನ್ಸಿ ನನ್ನೂ ಬಲಿಯಾಕೆ ಬಿಡ್ಲಿಲ್ಲ ಕಣೇ," ಎಂದು ಅವನು ಮದುವೆಯ ಹೊಸದರಲ್ಲಿ ಹೆಂಡತಿಯನ್ನು ನಗಿಸಿದ್ದ. ಆ ಮಾತು ನೆನಪಾದ ಕೂಡಲೆ ಸೊಣ್ಣಮ್ಮ ಮೊರವನ್ನು ಕಾಲಿನಿಂದ ಒದ್ದಳು. ಕಾಯಿಗಳು ಮಣ್ಣಿನಲ್ಲಿ ಉರುಳಿದವು.

"ಅವ್ರು ಬದುಕವ್ರೆ! ಒಳಗಿಂದ ಪೈಪ್ ಬಡಿಯೋ ಸದ್ದು ಬತ್ತಿತ್ತಂತೆ. ಗಣಿ ದೊರೆ ಕೂಡ ಕಿವಿಯಿಟ್ಟು ಕೇಳಿದ್ನಂತೆ. ನೀನಿಲ್ಲಿ ಕೂತ್ಕಂಡು ಎತ್ತ ಮಗನ್ನ..."

"ಯಾವಾಗ ಕೇಳಿಸ್ತಂತೆ?"

"ಮೊನ್ನೆ ಎಲ್ಲಾ. ನೆನ್ನೆ ಮಧ್ಯಾಹ್ನದವರ್ಗೂ."

"ನೆನ್ನೆ ಮಧ್ಯಾಹ್ನದವರ್ಗೂ," ಎಂದಳು ಅಮ್ಮಾಜಮ್ಮ. ಉರುಳಿದ್ದನ್ನು ಹೆಕ್ಕಿ ಮೊರಕ್ಕೆ ಹಾಕತೊಡಗಿದಳು. "ಬೆಳಿಗ್ಗೆ ಪೆರುಮಾಳ್ ಬಂದಿದ್ದ."

ಪೆರುಮಾಳ್ ಮುನಿಸ್ವಾಮಪ್ಪನ ಪಾಳಿಯವನು. ನೆಲ ನಡುಗಿದ ದಿನ ಜ್ವರವೆಂದು ಕೆಳಗಿಳಿದಿರಲಿಲ್ಲ. ಅಂದಿನಿಂದ ಕಲ್ಲು ಸರಿಸುವವರ ಗುಂಪಿನಲ್ಲಿದ್ದ.

"ಏನಂದ?"

"ನೀರು ಕೊಟ್ಟೆ, ಮುಟ್ಟಲಿಲ್ಲ. ಕಂಡ್ಯೇನಪ್ಪಾ ಅಂತ ಕೇಳ್ದೆ. ನನ್ ಮುಖ ನೋಡ್ಲಿಲ್ಲ. 'ಅಕ್ಕ ಗೇಟತ್ರ ಇನಿ ವರ ವೇಣಾಂ' ಅಂದ. ನೀನಿನ್ನ ಅಲ್ಲಿಗೆ ಬರಬ್ಯಾಡ ಅಂತ. ಅಷ್ಟೇ ಅಂದು ಓದ."

ಸೊಣ್ಣಮ್ಮ ಬಳ್ಳಿಯ ಕಡೆ ತಿರುಗಿದಳು. ಬಳ್ಳಿಯ ಕೊನೆಯಲ್ಲಿ, ಬೇಲಿಗೆ ಒತ್ತಿಕೊಂಡಂತೆ, ಇನ್ನೊಂದು ಕಾಯಿ ಉಳಿದಿತ್ತು. ಹೋದ ಭಾನುವಾರ ಮುನಿಸ್ವಾಮಪ್ಪ ಅದರ ಕೆಳಗೆ ಚಪ್ಪಡಿ ಚೂರಿಟ್ಟು, ತೇವ ತಾಗದಂತೆ ಹುಲ್ಲಿನ ಸಿಂಬೆ ಸುತ್ತಿದ್ದ. ಮಹಾಲಯ ಅಮಾವಾಸ್ಯೆಗೆ ಅಪ್ಪನ ಎಡೆಗೆ ಇದೇ, ತಾನೇ ಒಡೆಯುತ್ತೇನೆ ಎಂದಿದ್ದ.

"ಅದನ್ಯಾಕೆ ಬಿಟ್ಟಿದ್ದೀಯ?"

"ಅದು ಅವನು ಮಡಗಿದ್ದು. ನಂಗೆ ಕೈ ಬರಲಿಲ್ಲ," ಎಂದಳು ಅಮ್ಮಾಜಮ್ಮ. "ನೀನೇ ಉಗುರಾಕಿ ನೋಡು. ಇಳಿದ್ರೆ ಇವತ್ತೇ ಕೊಯ್ಕೋ. ಬಲಿತ ಮ್ಯಾಲೆ ಯಾರ್ ಬಾಗ್ಲಿಗೆ ಒತ್ಕಂಡು ಓಗ್ತೀಯ?"

ಸೊಣ್ಣಮ್ಮ ಮಂಡಿಯೂರಿ ಎಲೆ ಸರಿಸಿದಳು. ಕಡುಹಸಿರು ಕಾಯಿ, ನಡುನಡುವೆ ಬಿಳಿಚಿದ ಗೆರೆ. ಹೆಬ್ಬೆರಳನ್ನು ಅದರ ಮೇಲಿಟ್ಟು ಒತ್ತಿದಳು. ಆಮೇಲೆ ತೋರುಬೆರಳು. ಕೊನೆಗೆ ಎರಡೂ ಕೈಯ ಬೆರಳುಗಳನ್ನು ಊರಿ, ಮೈಭಾರವನ್ನೆಲ್ಲ ಬಿಟ್ಟು ಒತ್ತಿದಳು. ಸಿಪ್ಪೆಯ ಮೇಲೆ ಒಂದು ಗೀರೂ ಮೂಡಲಿಲ್ಲ.

"ಇಳೀತಿಲ್ಲ!" ಅವಳು ತಿರುಗಿದಾಗ ಮುಖದಲ್ಲಿ ಗೆದ್ದವರ ಬೆಳಕಿತ್ತು. "ಬಲ್ತದೆ ಅತ್ತಮ್ಮ. ಇದನ್ನ ಅವ್ರೇ ಬಂದು ಕೊಯ್ಯಬೇಕು."

ಅಮ್ಮಾಜಮ್ಮ ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕೂತಳು. ಕಾಯಿಯನ್ನು ನೋಡಲಿಲ್ಲ. ಅದನ್ನಿನ್ನೂ ಒತ್ತಿಕೊಂಡೇ ಇದ್ದ ಸೊಸೆಯ ಬೆರಳುಗಳನ್ನು ನೋಡಿದಳು. ಗೇಟಿನ ಮುಂದೆ ಮೂರು ದಿನ ಕಚ್ಚಿ ಕಚ್ಚಿ, ಹತ್ತರಲ್ಲಿ ಒಂದಕ್ಕೂ ಉಗುರು ಉಳಿದಿರಲಿಲ್ಲ.