ಹಾಗೇ ಬಿಡಬೇಕಿತ್ತು

"ಹೌದು ಅಂದ್ರೆ ಸಾಕು," ಎಂದರು ಮೇಷ್ಟ್ರು. "ಒಂದೇ ಮಾತು. ನಿಮಗೆ ಶಿಕ್ಷೆ ಆಗೋದಿಲ್ಲ ಅಂತ ಸಭೆ ಆಗಲೇ ಒಪ್ಪಿದೆ."

ವೈದ್ಯೆ ತಲೆಯೆತ್ತಲಿಲ್ಲ. ಅದು ವಿಚಾರಣೆಯ ಮೂರನೆಯ ದಿನ. ಎರಡು ದಿನಗಳಿಂದ ಆಕೆ ತುಟಿ ಬಿಚ್ಚಿರಲಿಲ್ಲ. ಊರಸಭೆಯ ಅಧ್ಯಕ್ಷರಾಗುವ ಮೊದಲು ಮೇಷ್ಟ್ರು ಮೂವತ್ತು ವರ್ಷ ಪಾಠ ಹೇಳಿದವರು. ಉತ್ತರ ಗೊತ್ತಿದ್ದೂ ಹೇಳದ ಮಕ್ಕಳ ಮುಖ ಹೇಗಿರುತ್ತದೆಂದು ಅವರಿಗೆ ಗೊತ್ತಿತ್ತು.

"ಊಟ ಮಾಡ್ಕೊಂಡು ಬನ್ನಿ. ಮಧ್ಯಾಹ್ನ ಇನ್ನೊಂದೇ ಸಲ ಕೇಳ್ತೀನಿ."

ಆ ಊರಿನಲ್ಲಿ ಯಾವ ಮನೆಗೂ ಬೀಗವಿರಲಿಲ್ಲ. ಹಸಿದು ಮಲಗಿದವರನ್ನು ಕಂಡು ಎರಡು ತಲೆಮಾರು ಕಳೆದಿತ್ತು. ಬೇಕಾದ್ದನ್ನು ಓದಬಹುದು, ಬೇಕಾದ್ದನ್ನು ಕಟ್ಟಬಹುದು. ಬೇಲಿ ಎಂದು ಇದ್ದದ್ದು ಒಂದೇ: ಹುಟ್ಟುವ ಮುನ್ನ ಮಗುವಿನ ವಂಶವಾಹಿಯನ್ನು ಯಾರೂ ತಿದ್ದಕೂಡದು. ಇಣುಕಿ ನೋಡುವುದೂ ಅಪರಾಧ. ಹಿಂದೆ ಏನೋ ಅನಾಹುತವಾಗಿತ್ತಂತೆ. ಕಣ್ಣಾರೆ ಕಂಡವರು ಯಾರೂ ಈಗ ಬದುಕಿರಲಿಲ್ಲ.

ವೈದ್ಯೆಯ ಮನೆತನಕ್ಕೊಂದು ಕಾಯಿಲೆಯಿತ್ತು. ಎಂಟನೆಯ ವಯಸ್ಸಿಗೆ ಕಾಲಿನಲ್ಲಿ ಶುರುವಾಗುತ್ತಿತ್ತು. ಮೊದಲು ಮೆಟ್ಟಿಲು ಹತ್ತಲಾಗದು, ಆಮೇಲೆ ಎದ್ದು ನಿಲ್ಲಲಾಗದು, ಹದಿನೈದು ತುಂಬುವುದರೊಳಗೆ ಎಲ್ಲ ಮುಗಿಯುತ್ತಿತ್ತು. ಕೆಲವರನ್ನು ಬಿಡುತ್ತಿತ್ತು, ಹೆಚ್ಚಿನವರನ್ನು ಬಿಡುತ್ತಿರಲಿಲ್ಲ. ವೈದ್ಯೆ ಮತ್ತು ಅವಳ ತಂಗಿ ಉಳಿದರು. ತಮ್ಮ ಉಳಿಯಲಿಲ್ಲ. ಅವನನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಒಯ್ಯುತ್ತಿದ್ದವಳು ಇದೇ ಅಕ್ಕ.

ಹನ್ನೆರಡು ವರ್ಷದ ಹಿಂದೆ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಬಸುರಾದರು. ಮೂರು ತಿಂಗಳಾದಾಗ ತಂಗಿ ಪ್ರಯೋಗಾಲಯಕ್ಕೆ ಬಂದು ನೆಲದ ಮೇಲೆ ಕುಳಿತು ಅತ್ತಳು. "ತಮ್ಮ ಪಟ್ಟ ಪಾಡು ನೋಡಿದೀಯಲ್ಲ ಅಕ್ಕಾ. ಇನ್ನೊಂದು ಸಲ ನೋಡೋಕೆ ನನ್ನ ಕೈಲಾಗಲ್ಲ. ನಿನ್ನ ವಿದ್ಯೆನ ಯಾರಿಗೆ ಅಂತ ಎತ್ತಿಟ್ಕೊಂಡಿದೀಯ?"

ಅಕ್ಕ ಬಹಳ ಹೊತ್ತು ಕಿಟಕಿಯ ಬಳಿ ನಿಂತಿದ್ದಳು. ಕೊನೆಗೆ ಬಾಗಿಲು ಮುಂದೆ ಮಾಡಿ, ಸೂಜಿ ತಂದಳು.

ಎರಡು ವಾರದ ಅಂತರದಲ್ಲಿ ಎರಡು ಹೆಣ್ಣುಮಕ್ಕಳು ಹುಟ್ಟಿದವು. ತಂಗಿಯ ಮಗಳು ನಡೆಯಲು ಕಲಿತ ದಿನವೇ ಓಡಿದಳು. ಚಿಗರೆ ಎಂದು ಹೆಸರು ಬಿತ್ತು. ಅಕ್ಕನ ಮಗಳು ಗುಬ್ಬಿ. ಮೂರು ವರ್ಷಕ್ಕೇ ಹಾಸಿಗೆ ಹಿಡಿದಳು. ಮೊದಲು ಉಗುರುಗಳು ಕಪ್ಪಾದವು, ಆಮೇಲೆ ಮುಟ್ಟಿದಲ್ಲೆಲ್ಲ ಚರ್ಮ ಸುಲಿಯಿತು. ಎತ್ತಿಕೊಂಡರೂ ನೋವು, ಮಲಗಿಸಿದರೂ ನೋವು. ಮನೆತನದ ಪೀಡೆ ಈ ಸಲ ಬೇರೆ ವೇಷದಲ್ಲಿ ಬಂದಿದೆ ಎಂದರು ಜನ. ವೈದ್ಯೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೊನೆಯ ತಿಂಗಳು ಆಕೆ ಮಗಳನ್ನು ಮುಟ್ಟುವಂತೆಯೇ ಇರಲಿಲ್ಲ. ಪಕ್ಕದಲ್ಲಿ ಕುಳಿತು ಬರೀ ದನಿಯಿಂದ ಸಂತೈಸುತ್ತಿದ್ದಳು.

ಚಿಗರೆಗೆ ಎಂಟು ತುಂಬಿತು, ಒಂಬತ್ತು ತುಂಬಿತು. ಹನ್ನೊಂದಕ್ಕೆ ಶಾಲೆಯ ಓಟದಲ್ಲಿ ಮೊದಲು ಬಂದಳು. ಅಂದು ತಂಗಿಗೆ ತಡೆಯಲಾಗಲಿಲ್ಲ. ಸೀದಾ ಊರಸಭೆಗೆ ಹೋಗಿ ಗುಟ್ಟನ್ನು ಹೇಳಿಬಿಟ್ಟಳು. "ನನ್ನ ಮಗಳನ್ನ ನೋಡಿ. ಬೇರೆ ತಾಯಂದಿರಿಗೂ ಇದು ಸಿಗಲಿ."

ಊರು ಸಿಟ್ಟಾಗಲಿಲ್ಲ, ಕರಗಿತು. ತಂಗಿಯ ಮಗುವಿಗಾಗಿ ಕಾನೂನು ಮುರಿದವಳು ತನ್ನ ಮಗುವಿಗೆ ಮುರಿಯಲಿಲ್ಲವಲ್ಲ ಎಂದಿತು. ದಾರಿಯಲ್ಲಿ ಸಿಕ್ಕ ಹೆಂಗಸರು ವೈದ್ಯೆಯ ಕೈ ಹಿಡಿದು ಕಣ್ಣೊರೆಸಿಕೊಂಡರು. ಬೇಲಿ ಕೀಳಲು ಸಭೆ ಸಿದ್ಧವಾಯಿತು. ಒಂದೇ ತೊಡಕು. ತಿದ್ದಿದ ವಂಶವಾಹಿ ಗುರುತು ಉಳಿಸುವುದಿಲ್ಲ. ರಕ್ತ ಪರೀಕ್ಷೆಯಿಂದ ಏನೂ ತಿಳಿಯದು. ತಿದ್ದಿದವಳ ಬಾಯಿಂದಲೇ ಬರಬೇಕು.

ವಿಚಾರಣೆಯ ನಡುವೆ ಮನೆಗೆ ಬಂದ ಅಕ್ಕತಂಗಿಯರಿಬ್ಬರಿಗೂ ಊಟ ಸೇರಲಿಲ್ಲ. ಚಿಗರೆ ಒಳಗೆ ನುಗ್ಗಿ, ನಿಂತಲ್ಲೇ ನೀರು ಕುಡಿದು, ಬಂದ ಹಾಗೇ ಹೊರಗೆ ಓಡಿದಳು. ವೈದ್ಯೆ ಆ ಕಾಲುಗಳನ್ನೇ ನೋಡುತ್ತಿದ್ದಳು.

"ಹೌದು ಅಂದ್ಬಿಡು ಅಕ್ಕಾ. ಹನ್ನೊಂದು ಜನ ಬಸುರಿಯರು ಸಭೆ ಬಾಗಿಲಲ್ಲಿ ಕಾಯ್ತಿದಾರೆ."

"ನೋಡಿದೆ."

"ಒಂದು ಕೇಳ್ತೀನಿ, ಬೈಬೇಡ. ಗುಬ್ಬೀನ ಯಾಕೆ ಹಾಗೇ ಬಿಟ್ಟೆ?"

ವೈದ್ಯೆ ತಟ್ಟೆ ತೊಳೆಯುತ್ತಿದ್ದಳು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. "ಹಾಗೇ ಬಿಡಬೇಕಿತ್ತು," ಎಂದಳು.

"ಕಾನೂನಿಗೆ ಹೆದರಿದ್ಯಾ?"

"ಹೆದರಬೇಕಿತ್ತು."

ತಂಗಿ ಹಿಂದಿನಿಂದ ಬಂದು ಅಕ್ಕನ ಬೆನ್ನಿಗೆ ಮುಖವೊತ್ತಿದಳು. "ಇದ್ದ ಧೈರ್ಯನೆಲ್ಲ ನನ್ನ ಮಗಳಿಗೇ ಖರ್ಚು ಮಾಡಿಬಿಟ್ಟೆ ನೀನು. ಈ ಋಣ ನಾನು ಹೇಗೆ ತೀರಿಸಲಿ?"

ವೈದ್ಯೆ ನಲ್ಲಿ ನಿಲ್ಲಿಸಿದಳು. ತಟ್ಟೆಯನ್ನು ಒರೆಸಿಟ್ಟಳು.

ಮಧ್ಯಾಹ್ನ ಸಭೆಯ ಬಾಗಿಲಲ್ಲಿ, ಬೆಂಚಿನ ತುದಿಯಲ್ಲಿದ್ದ ಹುಡುಗಿ ಎದ್ದು ನಿಂತಳು. ಇಪ್ಪತ್ತು ದಾಟಿರಲಿಲ್ಲ. ಹೊಟ್ಟೆ ಇನ್ನೂ ಸರಿಯಾಗಿ ಕಾಣುತ್ತಿರಲಿಲ್ಲ.

"ಡಾಕ್ಟ್ರೇ, ನನಗೆ ಮೂರು ತಿಂಗಳು ತುಂಬ್ತು. ಮೊದಲನೇ ಸರದಿ ನನಗೇ ಕೊಡ್ತೀರಾ?"

ವೈದ್ಯೆ ಆಕೆಯ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಒಳಗೆ ಹೋದಳು.

ಸಭೆ ತುಂಬಿತ್ತು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ವೈದ್ಯೆ ಎದ್ದು ನಿಂತಳು.

"ತಪ್ಪು ಮಾಡಿದೀನಿ ಮೇಷ್ಟ್ರೇ. ಅದಕ್ಕೆ ನನಗೆ ಮಾಫಿ ಬೇಡ."

ಸಭೆಯೆಲ್ಲ ಒಟ್ಟಿಗೆ ಉಸಿರುಬಿಟ್ಟಿತು. ಮುಂದಿನ ಸಾಲಿನಲ್ಲಿದ್ದ ತಂಗಿ ಅಳುತ್ತಲೇ ನಕ್ಕಳು. ಮೇಷ್ಟ್ರು ಪೆನ್ನು ತೆರೆದರು.

"ಅಂದ್ರೆ ಚಿಗರೆನ ತಿದ್ದಿದ್ದು ನೀವೇ?"

ವೈದ್ಯೆ ತಂಗಿಯ ಕಡೆಗೆ ತಿರುಗಿದಳು.

"ನಿನಗೆ ಅವತ್ತು ಚುಚ್ಚಿದ್ದು ಬರೀ ಉಪ್ಪುನೀರು ಕಣೆ, ಮೊದಲು ನನ್ನ ಮಗು ಮೇಲೇ ನೋಡೋಣ ಅಂತ, ನಾನು ತಿದ್ದಿದ್ದು ಗುಬ್ಬೀನ."